ಪೂರ್ವಿಯ ಏಳು ಭೇಟಿಗಳು

ಪೂರ್ವಿ ಎನ್ನುವ ಹುಡುಗಿ ಇರಲಿಲ್ಲ. ಅವಳನ್ನು ಬರೆದವಳು ನಾನು. ಆಗಸ್ಟ್ ತಿಂಗಳ ಒಂದು ಗುರುವಾರ, ಅವಳ ಮೊದಲ ಭೇಟಿಯನ್ನು ಬೆಳಿಗ್ಗೆ ಹನ್ನೊಂದೂವರೆಗೆ ಶುರುಮಾಡಿ ಹನ್ನೆರಡೂಕಾಲಿಗೆ ಮುಗಿಸಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದರಲ್ಲಿ ನನಗೆ ಇಷ್ಟು ಖಚಿತವಾಗಿ ಗೊತ್ತಿರುವುದು ಕಡಿಮೆ.

ನಾನು ನಾಗಪುರದಲ್ಲಿ ಕೌನ್ಸೆಲಿಂಗ್ ವಿಷಯದಲ್ಲಿ ಎಂ.ಎ. ಮಾಡುತ್ತಿದ್ದೆ. ಶಾಲೆ, ಕಾಲೇಜುಗಳಲ್ಲಿ ಕೂತು ಮಕ್ಕಳ ಕಷ್ಟ ಕೇಳುವ ಕೆಲಸಕ್ಕೆ ತಯಾರು ಮಾಡುವ ಓದು ಅದು. ನಾಲ್ಕು ಜನರ ಮುಂದೆ ಸ್ವಂತ ಹೆಸರು ಹೇಳಲು ತಡವರಿಸುವವಳು ಇದಕ್ಕೇಕೆ ಸೇರಿದಳು ಎಂದು ಅಪ್ಪನ ಬ್ಯಾಂಕಿನ ಗೆಳೆಯರೆಲ್ಲ ಕೇಳಿದ್ದರು. ಕೇಳುವವರಿಗೆ ಮಾತು ಬರಬೇಕೆಂದೇನಿಲ್ಲ ಎಂದು ನಾನು ತಿಳಿದಿದ್ದೆ.

ಮೂರನೆಯ ಸೆಮಿಸ್ಟರ್‌ನಲ್ಲಿ ನಮ್ಮನ್ನು ಒಂದೊಂದು ಶಾಲೆಗೆ ಕಳಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ಬುಟಿಬೋರಿಯ ಒಂದು ಶಾಲೆ. ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಮಕ್ಕಳು ಓದುವ ಜಾಗ. ಮಂಗಳವಾರ ಮತ್ತು ಗುರುವಾರ ಜಯಪ್ರಕಾಶ ನಗರದಲ್ಲಿ ಮೆಟ್ರೋ ಹತ್ತಿ, ಖಾಪರಿಯಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಮೆಟ್ಟಿಲ ಕೆಳಗೆ, ಹಿಂದೆ ಆಟದ ಸಾಮಾನು ಇಡುತ್ತಿದ್ದ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಒಂದು ಮೇಜು, ಎರಡು ಕುರ್ಚಿ, ಮೇಲರ್ಧಕ್ಕೆ ತಂತಿಜಾಲರಿ ಹೊಡೆದ ಬಾಗಿಲು. ಮಗುವಿನ ಕುರ್ಚಿ ಯಾವಾಗಲೂ ಬಾಗಿಲಿಗೆ ಹತ್ತಿರವಿರಬೇಕು, ಎದ್ದು ಹೋಗಬೇಕೆನಿಸಿದರೆ ನಾವು ದಾರಿಗೆ ಅಡ್ಡವಾಗಬಾರದು ಎಂದು ನಮಗೆ ಕಲಿಸಿದ್ದರು. ಹಾಗಾಗಿ ವರಾಂಡದಲ್ಲಿ ನಿಂತು ನೋಡಿದವರಿಗೆ ಮಗುವಿನ ಬೆನ್ನು ಮತ್ತು ನನ್ನ ಮುಖ ಕಾಣುವಂತೆ ಕುರ್ಚಿ ಹಾಕಿಕೊಂಡಿದ್ದೆ.

ಐದು ವಾರ ಆ ಕುರ್ಚಿಗೆ ಯಾವ ಬೆನ್ನೂ ಒರಗಲಿಲ್ಲ. ಬಾಗಿಲ ಪಕ್ಕ ಬಣ್ಣದ ಕಾಗದ ಅಂಟಿಸಿದ ರಟ್ಟಿನ ಡಬ್ಬಿ ನೇತುಹಾಕಿದ್ದೆ. ಬಾಯಿಬಿಟ್ಟು ಹೇಳಲಾಗದವರು ಚೀಟಿ ಬರೆದು ಹಾಕಲಿ ಎಂದು. ಅದರಲ್ಲಿ ಚಾಕಲೇಟಿನ ಕಾಗದಗಳು ಸಿಗುತ್ತಿದ್ದವು. ಒಂದು ಸಲ ಮಾತ್ರ, ‘ದೀದಿ, ಗಣಿತದ ಪೇಪರ್ ಮೊದಲೇ ಸಿಗುತ್ತಾ?’ ಎಂಬ ಪ್ರಶ್ನೆ.

ಪಾಸಾಗಲು ನನಗೆ ಒಂದೇ ಮಗುವಿನ ಜೊತೆ ಹತ್ತು ಭೇಟಿಗಳು ಬೇಕಿದ್ದವು. ಪ್ರತಿ ಭೇಟಿಯ ಮಾತುಕತೆಯನ್ನೂ ನೆನಪಿನಿಂದ ಇದ್ದದ್ದಿದ್ದಂತೆ ಬರೆಯಬೇಕು. ಪುಟದ ಎಡಕ್ಕೆ ನಾನು ಅಂದದ್ದು, ಬಲಕ್ಕೆ ಮಗು ಅಂದದ್ದು. ಡಿಸೆಂಬರ್‌ನೊಳಗೆ ಹತ್ತೂ ಆಗದಿದ್ದರೆ ಸೆಮಿಸ್ಟರ್ ಮತ್ತೆ ಮೊದಲಿಂದ. ಮಗುವಿನ ಗುಟ್ಟು ಕಾಯಬೇಕಾದ್ದರಿಂದ ಫೈಲಿನಲ್ಲಿ ಹೆಸರಿನ ಮೊದಲಕ್ಷರ ಮಾತ್ರ ಇರುತ್ತದೆ. ಇದು ಯಾರ ಮಗು ಎಂದು ಯಾರೂ ಕೇಳುವಂತಿಲ್ಲ, ನಾವು ಹೇಳುವಂತಿಲ್ಲ. ನಮ್ಮ ಕೆಲಸದ ಆ ಮರ್ಯಾದೆಯೇ ನನ್ನ ಸುಳ್ಳಿಗೆ ಬಾಗಿಲು ತೆರೆದಿಟ್ಟಿತು.

ಫೈಲಿನಲ್ಲಿ ‘ಪೂ.’ ಎಂದು ಬರೆದೆ. ಮನಸ್ಸಿನಲ್ಲಿ ಪೂರ್ವಿ ಎಂದು ಕರೆದೆ. ಎಂಟನೆಯ ತರಗತಿ, ಎರಡು ಜಡೆ, ಜಡೆಯ ಕೆಂಪು ರಿಬ್ಬನ್ನಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವ ಅಭ್ಯಾಸ. ಕಷ್ಟವೊಂದು ಬೇಕಲ್ಲ? ಶಾಲೆ ಬಿಟ್ಟ ಮೇಲೆ ಮನೆಯ ನಿಲ್ದಾಣದಲ್ಲಿ ಇಳಿಯುವುದಿಲ್ಲ. ಬಸ್ಸಿನ ಕೊನೆಯ ನಿಲ್ದಾಣದ ತನಕ ಹೋಗಿ ಅಲ್ಲೇ ಕೂರುತ್ತಾಳೆ. ಇದು ನನ್ನ ಬಾಲ್ಯದ್ದಲ್ಲ. ನಾನು ಯಾವಾಗಲೂ ಹೊತ್ತಿಗೆ ಸರಿಯಾಗಿ ಮನೆಗೆ ಹೋದವಳು. ಎಲ್ಲಿಂದ ಬಂತೋ ಗೊತ್ತಿಲ್ಲ, ಬಂತು, ಬರೆದೆ.

ಬರೆಯುವಾಗ ಎರಡೂ ಕಡೆಯ ಮಾತನ್ನು ಮೆಲ್ಲಗೆ ಬಾಯಲ್ಲಿ ಆಡಿ ನೋಡುತ್ತಿದ್ದೆ, ಮಗು ಹೀಗೆ ಮಾತಾಡುತ್ತದೆಯೇ ಎಂದು. ಮೌನ ಎಂದು ಬರೆದ ಕಡೆ ನಿಜವಾಗಿ ಸುಮ್ಮನೆ ಕೂತು ಗಡಿಯಾರ ನೋಡುತ್ತಿದ್ದೆ. ನಾಲ್ಕನೆಯ ಭೇಟಿಯಲ್ಲಿ ಹೀಗಿದೆ:

ನಾನು: ಮನೆಗೆ ತಡವಾಗಿ ಹೋದರೆ ಯಾರೂ ಕೇಳುವುದಿಲ್ಲವೇ?

ಪೂ.: (ಒಂದು ನಿಮಿಷ ಮೌನ) ಕೇಳಬೇಕು ಅಂದ್ರೆ ಮೊದಲು ಯಾರಾದ್ರೂ ನೋಡಿರಬೇಕಲ್ಲ, ದೀದಿ.

ಆ ಸಾಲು ಬಂದ ಮೇಲೆ ಪೆನ್ನು ಕೆಳಗಿಟ್ಟು ಎದುರಿನ ಕುರ್ಚಿಯನ್ನು ನೋಡಿದೆ. ಅದನ್ನು ನಾನು ಯೋಚಿಸಿರಲಿಲ್ಲ.

ಆರನೆಯ ತರಗತಿಯಿಂದ ದಿನಚರಿ ಬರೆಯುವವಳು ನಾನು. ಅದರಲ್ಲಿ ಎಂದೂ ಸುಳ್ಳು ಬರೆದಿಲ್ಲ. ಹಾಗಾಗಿ ಪ್ರತಿ ಗುರುವಾರ ದಿನಚರಿಯಲ್ಲಿ, ‘ಇವತ್ತೂ ಪೂರ್ವಿ ಬರಲಿಲ್ಲ’ ಎಂದು ಬರೆಯುತ್ತಿದ್ದೆ. ಈಗ ಆ ಪುಟಗಳನ್ನು ತಿರುಗಿಸಿದರೆ ಯಾರಿಗೋ ಕಾದು ಕೂತವಳು ಬರೆದ ಹಾಗಿವೆ.

ಮೊದಲು ಗಮನಿಸಿದ್ದು ಗಂಗೂಬಾಯಿ. ಶಾಲೆಯ ಆಯಾ, ಎಲ್ಲರ ಬಾಯಲ್ಲೂ ಗಂಗೂ ಮಾವಶಿ, ಅಂದರೆ ಗಂಗೂ ಚಿಕ್ಕಮ್ಮ. ಗುರುವಾರ ನನಗೆ ಚಹಾ ತಂದುಕೊಡುತ್ತಿದ್ದಳು. ಐದನೆಯ ಭೇಟಿಯ ದಿನ ಚಹಾದ ಜೊತೆ ಒಂದು ಸ್ಟೀಲ್ ಲೋಟದಲ್ಲಿ ನೀರೂ ಬಂತು.

“ನನಗೆ ನೀರು ಬೇಡ ಮಾವಶಿ, ಬಾಟಲಿ ಇದೆ.”

“ನಿಮಗೆ ಯಾರು ತಂದ್ರು? ಆ ಪೋರಿಗೆ. ಅಷ್ಟು ಹೊತ್ತು ಮಾತಾಡಿ ಗಂಟಲು ಒಣಗಿರ್ತದೆ.” ಬಗ್ಗಿ ಒಳಗೆ ಇಣುಕಿದಳು. “ಜಲ್ದಿ ಓಡಿಹೋದಳಾ? ಇವರೆಲ್ಲ ಹಿಂಗೇ. ಕ್ಲಾಸಿನಲ್ಲಿ ಕೂರಬೇಕು ಅಂದ್ರೆ ಮಾತ್ರ ಕಾಲು ನೋಯ್ತದೆ.”

ಯಾವುದೋ ಹುಡುಗಿ ಬಾಗಿಲ ಬಳಿ ನಿಂತಿದ್ದಿರಬೇಕು ಎಂದುಕೊಂಡು ನಕ್ಕೆ. ಮಾವಶಿ ಲೋಟವನ್ನು ಮೇಜಿನ ಆ ಕಡೆ, ಖಾಲಿ ಕುರ್ಚಿಯ ಮುಂದೆ ಇಟ್ಟು ಹೋದಳು. ನಾನು ಅದನ್ನು ಮುಟ್ಟಲಿಲ್ಲ. ಹೊರಡುವಾಗ ನೋಡಿದರೆ ನೀರು ಹಾಗೇ ಇತ್ತು. ಸಮಾಧಾನವಾಯಿತು. ಸಮಾಧಾನ ಏಕಾಗಬೇಕಿತ್ತು ಎಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಆ ಸಂಜೆ ಖಾಮ್ಲಾದ ಮನೆಯಲ್ಲಿ ವರದಿಯನ್ನು ಶುದ್ಧಪ್ರತಿ ಮಾಡುತ್ತಿದ್ದೆ. ಅಡುಗೆಮನೆಯಿಂದ ಅವ್ವನ ದನಿ ಬಂತು.

“ಏ ತುಂಗಾ, ಯಾರ ಜೋಡಿ ಮಾತಾಡಾಕತ್ತೀಯ?”

“ಯಾರೂ ಇಲ್ಲವ್ವ. ಓದಾಕತ್ತೇನಿ.”

“ಮತ್ತ ಎರಡ ದನಿ ಕೇಳ್ತಾವಲ್ಲ? ಮಂದಿ ಮುಂದ ಬಾಯಿ ಬಿಡಂಗಿಲ್ಲ, ಒಬ್ಬಾಕೀನ ಇದ್ದರ ನಾಟಕದ ಕಂಪನಿ ನಡಸ್ತಿ. ಬಾ, ರೊಟ್ಟಿ ಆರಿ ಹೋಗ್ತಾವ.”

ಹಾಗಾದರೆ ಶಾಲೆಯಲ್ಲಿ ಮಾವಶಿಗೂ ಕೇಳಿದ್ದು ನನ್ನದೇ ಎರಡು ದನಿ ಎಂದುಕೊಂಡೆ. ಇದಕ್ಕಿಂತ ಸರಿಯಾದ ವಿವರಣೆ ಬೇಕಿರಲಿಲ್ಲ. ಅದನ್ನು ಹಿಡಿದುಕೊಂಡು ಇನ್ನೆರಡು ಭೇಟಿ ಬರೆದೆ.

ನಮ್ಮ ಫೈಲುಗಳನ್ನು ನೋಡುತ್ತಿದ್ದವರು ದಮಯಂತಿ ಮ್ಯಾಡಮ್. ಮೂವತ್ತು ವರ್ಷ ಇದೇ ಕೆಲಸ ಮಾಡಿದವರು, ಹೊಗಳುವುದು ಅಪರೂಪ. ನನ್ನ ಆರು ಭೇಟಿಗಳನ್ನು ಓದಿ, “ಈ ಹುಡುಗಿ ಉಸಿರಾಡ್ತಾಳೆ,” ಎಂದಿದ್ದರು. ನಾನು ತಲೆ ತಗ್ಗಿಸಿದೆ. ನಾಚಿಕೆ ಎಂದು ಅವರು ತಿಳಿದಿರಬೇಕು.

ಏಳನೆಯ ಭೇಟಿ ಬರೆದು ಮುಗಿಸಿದ ಗುರುವಾರ ಡಬ್ಬಿಯಲ್ಲಿ ಒಂದು ಚೀಟಿಯಿತ್ತು. ಚೌಕುಳಿ ಪುಸ್ತಕದ ಹಾಳೆ, ಪೆನ್ಸಿಲ್ಲಿನ ಮರಾಠಿ.

‘ದೀದಿ, ಅವಳು ಯಾವಾಗ ಹೋಗ್ತಾಳೆ? ನನಗೂ ಮಾತಾಡಬೇಕು. ನಾಲ್ಕು ಸಲ ಬಂದೆ. ನಾಲ್ಕೂ ಸಲ ಅವಳೇ ಇದ್ದಳು.’

ಚೀಟಿಯನ್ನು ಮೂರು ಸಲ ಓದಿದೆ. ವರಾಂಡದಲ್ಲಿ ಯಾರೂ ಇರಲಿಲ್ಲ. ಮೇಲೆ ಯಾವುದೋ ತರಗತಿ ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿತ್ತು. ನಾನು ಕಾಯುತ್ತಿದ್ದೆ, ಯಾರೂ ಬರುವುದಿಲ್ಲವಲ್ಲ ಎಂದು ಸುಳ್ಳು ಭೇಟಿಗಳನ್ನು ಬರೆಯುತ್ತಿದ್ದೆ. ಹಾಗೆ ಬರೆಯುತ್ತಿದ್ದ ಹೊತ್ತಿನಲ್ಲೇ ನಿಜವಾದ ಮಗುವೊಂದು ಬಾಗಿಲ ತನಕ ಬಂದು, ಒಳಗೆ ಬೇರೆ ಯಾರೋ ಇದ್ದಾರೆಂದು ಹಿಂದಿರುಗಿತ್ತು.

ಮಂಗಳವಾರ ಫೈಲನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ತುಟಿಗೆ ತುಟಿ ಒತ್ತಿಕೊಂಡು ಎರಡು ತಾಸು ಕೂತೆ. ಬಾಯಲ್ಲಿ ಒಂದಕ್ಷರ ಆಡಲಿಲ್ಲ. ಇದನ್ನು ಆಣೆಯಿಟ್ಟು ಹೇಳುತ್ತೇನೆ. ಯಾರೂ ಬರಲಿಲ್ಲ. ಮಧ್ಯೆ ಒಂದು ಸಲ ನೀರಿಗೆಂದು ಎದ್ದು ಹೋಗಿ ಬಂದೆ. ಹೊರಡುವಾಗ ಡಬ್ಬಿ ತೆರೆದೆ.

‘ಇವತ್ತು ನೀವು ಸುಮ್ಮನೆ ಇದ್ರಿ. ಅವಳೇ ಮಾತಾಡ್ತಾ ಇದ್ದಳು. ನೀವು ಕೇಳ್ತಾ ಇದ್ರಿ. ಅದಕ್ಕೇ ನಾನು ಒಳಗೆ ಬರಲಿಲ್ಲ.’

ಅಕ್ಟೋಬರ್ ಬಿಸಿಲು ವರಾಂಡದ ಅರ್ಧಕ್ಕೆ ಬಂದಿತ್ತು. ಆ ಬಿಸಿಲಲ್ಲಿ ನಿಂತು ಒಳಗಿನ ಖಾಲಿ ಕುರ್ಚಿಯನ್ನು ನೋಡಿದೆ.

ಗುರುವಾರ ಕೋಣೆಗೆ ಹೋದವಳೇ ಮಗುವಿನ ಕುರ್ಚಿಯನ್ನು ಎತ್ತಿ ಹೊರಗೆ ಮೆಟ್ಟಿಲ ಬುಡದಲ್ಲಿಟ್ಟೆ. ಕೂರಲು ಜಾಗವಿಲ್ಲದಿದ್ದರೆ ಯಾರು ಕೂರುತ್ತಾರೆ? ಮೂರನೆಯ ಪೀರಿಯಡ್ಡಿನ ಗಂಟೆಯಾದ ಮೇಲೆ ಮಾವಶಿ ಬಂದಳು. ಮುಖ ಗಂಟಿಕ್ಕಿಕೊಂಡಿತ್ತು.

“ಇದು ಬರೋಬರ್ ಅಲ್ಲ ಮ್ಯಾಡಮ್.”

“ಏನು?”

“ನಾನು ಅಂಗೂಠಾ ಛಾಪ್, ನಿಮ್ಮಷ್ಟು ಕಲಿತವಳಲ್ಲ. ಆದ್ರೂ ಹೇಳ್ತೀನಿ. ಶಿಕ್ಷೆ ಕೊಡೋಕೆ ಕ್ಲಾಸ್ ಟೀಚರ್ ಇದ್ದಾರೆ. ನೀವಾದ್ರೂ ಆ ಪೋರೀನ ಕೂರಿಸ್ಕೊಂಡು ಮಾತಾಡಬಾರದಾ? ಮುಕ್ಕಾಲು ತಾಸು ನಿಂತೇ ಇದಾಳೆ. ಕುರ್ಚಿ ಹೊರಗೆ, ಪೋರಿ ಒಳಗೆ. ಅದ್ಯಾವ ಪದ್ಧತಿ?”

“ಈಗಲೂ ನಿಂತಿದಾಳಾ?” ಎಂದೆ.

ಮಾವಶಿ ನನ್ನ ಎಡಗಡೆ, ಗೋಡೆಯ ಹತ್ತಿರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಸಿಟ್ಟು ಇಳಿಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕುರ್ಚಿಯನ್ನು ಒಳಗೆ ತಂದಿಟ್ಟು, ನನ್ನ ಕಡೆ ಬೆನ್ನು ಮಾಡದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಹೋದಳು. ಅಂದು ಚಹಾ ಬರಲಿಲ್ಲ.

ಹೊರಡುವಾಗ ಡಬ್ಬಿಯಲ್ಲಿ ಸಿಕ್ಕ ಮೂರನೆಯ ಚೀಟಿ ಉದ್ದವಿತ್ತು.

‘ದೀದಿ, ದೀಪಾವಳಿ ಸೂಟಿಗೆ ನನ್ನನ್ನು ಮಾಮಾನ ಮನೆಗೆ ಕಳಿಸ್ತಾರೆ. ಬುಧವಾರ ಬಸ್. ಹೋದ ಸೂಟಿಯಲ್ಲೂ ಹೋಗಿದ್ದೆ. ಈ ಸಲ ಹೋಗಲ್ಲ. ಯಾಕೆ ಅಂತ ಮನೆಯಲ್ಲಿ ನನ್ನ ಆಯಿಗೂ ಹೇಳೋಕೆ ಬರ್ತಿಲ್ಲ. ನಿಮಗೆ ಹೇಳ್ತೀನಿ. ಮಂಗಳವಾರ ಒಂದೇ ಉಳಿದಿದೆ, ಬರ್ತೀನಿ. ಅವಳಿಗೆ ಸ್ವಲ್ಪ ಹೊತ್ತು ಹೊರಗೆ ಹೋಗೋಕೆ ಹೇಳಿ.’

ಶುಕ್ರವಾರ ಕಾಲೇಜಿನಲ್ಲಿ ದಮಯಂತಿ ಮ್ಯಾಡಮ್ ಎದುರು ಫೈಲನ್ನೂ ಮೂರು ಚೀಟಿಗಳನ್ನೂ ಇಟ್ಟೆ. ಪೂರ್ವಿ ಸುಳ್ಳು ಎಂದೆ. ಏಳೂ ಸುಳ್ಳು ಎಂದೆ. ಇಷ್ಟು ಹೇಳಲು ನನಗೆ ಹತ್ತು ನಿಮಿಷ ಬೇಕಾಯಿತು. ಅವರು ಒಂದು ಮಾತೂ ತೂರಿಸದೆ ಕಾದರು.

ಅವರು ಮೊದಲು ಓದಿದ್ದು ಚೀಟಿಗಳನ್ನು. ಮೂರನೆಯದನ್ನು ಓದಿದವರೇ ಫೋನೆತ್ತಿ ಶಾಲೆಯ ಮುಖ್ಯಾಧ್ಯಾಪಿಕೆ ವತ್ಸಲಾ ಮ್ಯಾಡಮ್ ಜೊತೆ ಮಾತಾಡಿದರು. ನಾಲ್ಕು ನೂರು ಹೆಣ್ಣುಮಕ್ಕಳ ಶಾಲೆ, ಹೆಸರಿಲ್ಲದ ಚೀಟಿ. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಕೇಳೋಣವೇ ಎಂದು ಆ ಕಡೆಯಿಂದ ಕೇಳಿರಬೇಕು. “ಬೇಡವೇ ಬೇಡ. ಹಾಗೆ ಕೇಳಿದ್ರೆ ಆ ಮಗು ಜನ್ಮದಲ್ಲಿ ಮತ್ತೆ ಬಾಯಿ ಬಿಡಲ್ಲ. ಮಂಗಳವಾರ ಬರ್ತೀನಿ ಅಂತ ಅವಳೇ ಬರೆದಿದ್ದಾಳೆ. ಆ ದಿನ ನೀವು ಆಫೀಸ್ ಬಿಟ್ಟು ಎಲ್ಲೂ ಹೋಗಬೇಡಿ,” ಎಂದರು. ಫೋನಿಟ್ಟ ಮೇಲೆ ಪೂರ್ವಿಯ ಫೈಲನ್ನು ತೆರೆದರು.

“ನಿನ್ನ ಸೆಮಿಸ್ಟರ್ ಹೋಯಿತು, ತುಂಗಾ. ಅದನ್ನು ಉಳಿಸೋಕೆ ನನ್ನಿಂದ ಆಗಲ್ಲ, ಆಗೋ ಹಾಗಿದ್ರೂ ಉಳಿಸಲ್ಲ.”

“ಗೊತ್ತು ಮ್ಯಾಡಮ್.”

“ಪ್ರತಿ ವರ್ಷ ಯಾರಾದರೊಬ್ಬರು ಸುಳ್ಳು ಕೇಸ್ ಬರೀತಾರೆ. ಮೌನದಲ್ಲಿ ಸಿಕ್ಕಿಬೀಳ್ತಾರೆ. ಕಾಗದದ ಮೇಲೆ ‘ಒಂದು ನಿಮಿಷ ಮೌನ’ ಅಂತ ಬರೆದು ಅರ್ಧ ಸೆಕೆಂಡಿಗೆ ಮುಂದಿನ ಮಾತು ತರ್ತಾರೆ. ನಿಜವಾಗಿ ಸುಮ್ಮನೆ ಕೂತವರ ಮುಂದಿನ ಮಾತು ಬೇರೆ ಥರ ಇರ್ತದೆ.” ನಾಲ್ಕನೆಯ ಭೇಟಿಯ ಪುಟದ ಮೇಲೆ ಬೆರಳಿಟ್ಟರು. “ಇಲ್ಲಿ ಒಂದು ನಿಮಿಷ ಕೂತಿದ್ದೆಯಾ?”

“ಹೌದು. ಗಡಿಯಾರ ನೋಡಿದ್ದೆ.”

“ಒಬ್ಬಳೇ?”

ನಾನು ಹೌದು ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

ಮ್ಯಾಡಮ್ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳುವ ಹೊತ್ತಿಗೆ ಅವರ ದನಿ ಎಂದಿನಂತೆ ಬಿರುಸಾಗಿತ್ತು. “ಹತ್ತು ಭೇಟಿ ಅಂತ ಮೊದಲ ಪುಟದಲ್ಲಿ ಅವಳಿಗೆ ಮಾತು ಕೊಟ್ಟಿದ್ದೀಯ. ನಾನೇ ಕಲಿಸಿದ್ದು, ಮೊದಲ ದಿನವೇ ಎಷ್ಟು ಸಲ ಸಿಗ್ತೀವಿ ಅಂತ ಮಗುವಿಗೆ ಹೇಳು ಅಂತ. ಮಧ್ಯದಲ್ಲಿ ನಿಲ್ಲಿಸಬೇಕಾದ್ರೆ ಮಗುವಿನ ಎದುರು ಕೂತು, ಬಾಯಿಬಿಟ್ಟು, ಕಾರಣ ಹೇಳಿ ನಿಲ್ಲಿಸಬೇಕು. ಕಾಗದ ಹರಿದು ಹಾಕಿದ್ರೆ ಕೇಸ್ ಮುಗಿಯಲ್ಲ.”

“ಯಾರ ಎದುರು ಮ್ಯಾಡಮ್? ಅವಳು ಇಲ್ಲ.”

“ಇಲ್ಲದಿದ್ರೆ ಖಾಲಿ ಕುರ್ಚಿಗೆ ಹೇಳು. ನಿನಗೇನು ನಷ್ಟ? ಮಂಗಳವಾರ ಬೇಗ ಹೋಗಿ ಮೊದಲು ಆ ಕೋಣೆ ಖಾಲಿ ಮಾಡು. ಆಮೇಲೆ ಬಾಗಿಲಲ್ಲಿ ನಿಲ್ಲೋ ಮಗುವಿಗೆ ಜಾಗ ಆಗ್ತದೆ.”

ಮೂರು ದಿನ ಆ ಮಾತುಗಳನ್ನು ಬರೆದು ಬಾಯಿಪಾಠ ಮಾಡಿದೆ. ‘ಪೂರ್ವಿ, ನಾವು ಹತ್ತು ಸಲ ಸಿಗುತ್ತೇವೆ ಎಂದಿದ್ದೆ. ಇದು ಕೊನೆಯ ಸಲ. ತಪ್ಪು ನಿನ್ನದಲ್ಲ.’ ಇಷ್ಟೇ. ಅವ್ವ ಈ ಸಲ ಯಾರ ಜೋಡಿ ಮಾತಾಡಾಕತ್ತೀಯ ಎಂದು ಕೇಳಲಿಲ್ಲ. ಬಾಗಿಲಲ್ಲಿ ಬಂದು ನಿಂತು, ಕೋಣೆಯನ್ನೆಲ್ಲ ನೋಡಿ, ದೀಪ ಹಾಕಿ ಹೋದಳು.

ಮಂಗಳವಾರ ಬೇಗ ಹೊರಟೆ, ಆದರೂ ತಡವಾಯಿತು. ಹಬ್ಬಕ್ಕೆ ಊರಿಗೆ ಹೋಗುವವರ ಚೀಲಗಳಿಂದ ಖಾಪರಿಯ ಬಸ್ಸುಗಳು ತುಂಬಿದ್ದವು. ಮೂರನೆಯ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಕ್ಕಿತು. ಶಾಲೆ ತಲುಪಿದಾಗ ಊಟದ ಬಿಡುವಿನ ಗಂಟೆ ಹೊಡೆಯುತ್ತಿತ್ತು. ಬಿಡುವು ಇಪ್ಪತ್ತೇ ನಿಮಿಷ, ಆಮೇಲೆ ಸೂಟಿಯ ಸಭೆ, ಆಮೇಲೆ ಎಲ್ಲರೂ ಮನೆಗೆ. ಮಕ್ಕಳು ಕಾಗದದ ಆಕಾಶಕಂದೀಲು ಮಾಡಿ ವರಾಂಡದ ತುಂಬ ಒಣಗಲು ತೂಗುಹಾಕಿದ್ದರು. ಅವುಗಳ ಕೆಳಗೆ ಬಗ್ಗಿ ಬಗ್ಗಿ ಕೋಣೆಯ ಕಡೆ ಓಡಿದೆ.

ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ಮಾತಾಡುತ್ತಿದ್ದರು.

ಅಗುಳಿಯ ಮೇಲೆ ಕೈಯಿಟ್ಟು ನಿಂತೆ. ಸಣ್ಣ ಹುಡುಗಿಯ ದನಿ, ತಡೆತಡೆದು. ಅದು ನಿಂತಿತು. ನಿಂತೇ ಇತ್ತು, ಸುಮಾರು ಒಂದು ನಿಮಿಷ. ಆಮೇಲೆ ಇನ್ನೊಂದು ದನಿ ಮೆಲ್ಲಗೆ ಒಂದು ಪ್ರಶ್ನೆ ಕೇಳಿತು. ಆ ದನಿ ನನ್ನದು.

ಜಾಲರಿಯೊಳಗಿಂದ ನೋಡಿದೆ. ನೋಡಬಾರದೆಂದು ಅನಿಸಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಎರಡು ಜಡೆಯ ಹುಡುಗಿ ಕೂತಿದ್ದಳು. ಅವಳ ಬಲಗೈ ಭುಜದ ಹತ್ತಿರ, ಬೆರಳಿಗೆ ಕೆಂಪು ರಿಬ್ಬನ್ನು. ಅವಳ ಎದುರು ನಾನು ಕೂತಿದ್ದೆ. ಅದೇ ಹಸಿರು ಕುರ್ತಾ. ಬೆಳಿಗ್ಗೆ ಇಸ್ತ್ರಿ ಮಾಡಿ ಹಾಕಿಕೊಂಡದ್ದು. ತಲೆ ಒಂದು ಕಡೆ ಸ್ವಲ್ಪ ವಾಲಿತ್ತು. ಪೆನ್ನು ಕೈಯಲ್ಲಿದ್ದರೂ ಬರೆಯುತ್ತಿರಲಿಲ್ಲ. ಆ ಮುಖ ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿತ್ತು! ಎರಡು ವರ್ಷ ಓದಿ ಕಲಿಯಬೇಕೆಂದುಕೊಂಡದ್ದೆಲ್ಲ ಆ ಮುಖದ ಮೇಲಿತ್ತು. ಅದರ ಕಣ್ಣು ಒಂದು ಸಲ ಹುಡುಗಿಯ ಭುಜದ ಮೇಲಿಂದ ಬಾಗಿಲ ಕಡೆ ಬಂತು. ಹೊರಗೆ ಯಾರೋ ನಿಂತಿದ್ದಾರೆ, ಆಮೇಲೆ ಬರಲಿ ಎನ್ನುವ ಹಾಗೆ ನನ್ನನ್ನು ನೋಡಿ, ಮತ್ತೆ ಪೂರ್ವಿಯ ಕಡೆ ಹೋಯಿತು.

ನಾಲಿಗೆಯ ಮೇಲೆ ಮೂರು ವಾಕ್ಯ ತಯಾರಿದ್ದವು. ಒಳಗೆ ಹೋದರೆ ಅವುಗಳನ್ನು ಯಾರಿಗೆ ಹೇಳಬೇಕು? ಪೂರ್ವಿಗೋ, ಅವಳ ಎದುರು ಕೂತವಳಿಗೋ? ಹೇಳಿ ಮುಗಿಸಲು ಎಷ್ಟು ಹೊತ್ತು ಹಿಡಿಯುತ್ತದೆ? ಒಳಗೆ ಹೋದರೆ ನಾನು ಇಬ್ಬರಲ್ಲಿ ಯಾರಾಗಿ ಹೊರಗೆ ಬರುತ್ತೇನೆ? ಅಗುಳಿ ನನ್ನ ಬೆರಳ ಕೆಳಗೆ ತಣ್ಣಗೆ ಅರ್ಧ ಸರಿದಿತ್ತು.

ಹಿಂದೆ ಚರ್ ಚರ್ ಎಂದು ಸಣ್ಣ ಸದ್ದಾಯಿತು. ತಿರುಗಿದೆ. ಕಂಬಕ್ಕೆ ಒರಗಿ ಒಬ್ಬ ಹುಡುಗಿ ನಿಂತಿದ್ದಳು. ಏಳನೆಯ ತರಗತಿಯವಳಿರಬೇಕು. ಗಿಡ್ಡ ಕತ್ತರಿಸಿದ ಕೂದಲು, ಬೆರಳುಗಳ ಮೇಲೆ ಒಣಗಿದ ಅಂಟು. ಅದನ್ನು ಸಿಪ್ಪೆ ಸಿಪ್ಪೆಯಾಗಿ ಕೀಳುತ್ತ ಜಾಲರಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

“ದೀದಿ, ನೀವು ಒಳಗಿದ್ದೀರಲ್ಲ?”

“ಹೌದು.”

“ಮತ್ತೆ ಇಲ್ಲಿ?”

“ಇಲ್ಲೂ ಇದ್ದೀನಿ.”

ಮಕ್ಕಳು ಲೆಕ್ಕ ಹಾಕುವ ಹಾಗೆ ಹುಬ್ಬು ಗಂಟಿಕ್ಕಿ ಯೋಚಿಸಿದಳು. “ಎಷ್ಟು ಹೊತ್ತು ಇರ್ತೀರಿ?”

“ನಿನ್ನ ಮಾತು ಮುಗಿಯೋ ತನಕ.”

ಅಗುಳಿಯಿಂದ ಕೈ ತೆಗೆದೆ. ವರಾಂಡದ ಕೊನೆಯಲ್ಲಿ ಕೈತೊಳೆಯುವ ನಲ್ಲಿಗಳ ಸಾಲು, ಅದರ ಪಕ್ಕ ಸಿಮೆಂಟಿನ ಕಟ್ಟೆ. ಮಕ್ಕಳೆಲ್ಲ ಮೈದಾನದಲ್ಲಿದ್ದರು. ಕಟ್ಟೆಯ ಮೇಲೆ ಕೂತೆವು. ಅವಳನ್ನು ತುದಿಗೆ, ದಾರಿಯ ಕಡೆಗೆ ಕೂರಿಸಿದೆ. ಚೀಲದಲ್ಲಿ ಫೈಲಿತ್ತು, ಪೆನ್ನಿತ್ತು. ತೆಗೆಯಲಿಲ್ಲ.

“ಹೆಸರು ಹೇಳಬೇಕಾ?” ಎಂದಳು.

“ನಿನಗೆ ಬೇಕಿದ್ರೆ.”

“ಧನಶ್ರೀ.” ಕಾಲು ಆಡಿಸಿದಳು. “ಮಾಮಾ ತುಂಬ ಒಳ್ಳೆಯವರು ಅಂತ ಎಲ್ಲರೂ ಹೇಳ್ತಾರೆ. ಆಯಿ ಹೇಳ್ತಾಳೆ, ಅಜ್ಜಿ ಹೇಳ್ತಾಳೆ. ನಾನು ಹೇಳಲ್ಲ.”

ನಾನು ಕಾದೆ. ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಏನಾದರೂ ಕೇಳಿ ಆ ಮೌನವನ್ನು ತುಂಬಬೇಕೆನಿಸಿತು. ಗಡಿಯಾರ ನೋಡಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನನ್ನ ದನಿ ಇನ್ನೇನನ್ನೋ ಕೇಳುತ್ತಿರುವುದು ಇಲ್ಲಿಗೂ ಕೇಳಿಸುತ್ತಿತ್ತು. ಧನಶ್ರೀಗೂ ಕೇಳಿಸಿರಬೇಕು. ಅದಕ್ಕಿಂತ ದನಿಯೆತ್ತಿ ಮಾತಾಡತೊಡಗಿದಳು.

ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ದಿನಚರಿಯಲ್ಲೂ ಬರೆದಿಲ್ಲ. ಬರೆಯುವುದಕ್ಕಲ್ಲದ ಮಾತುಗಳೂ ಇವೆ ಎಂದು ನನಗೆ ತಿಳಿದದ್ದು ಆ ಕಟ್ಟೆಯ ಮೇಲೆ. ಅವಳು ಅಳಲಿಲ್ಲ. ಮುಗಿಯುವ ಹೊತ್ತಿಗೆ ಹತ್ತು ಬೆರಳಿನ ಅಂಟೂ ಪೂರ್ತಿ ಕಿತ್ತು ಹೋಗಿತ್ತು.

“ಧನಶ್ರೀ, ಇದನ್ನು ನಾನೊಬ್ಬಳೇ ಇಟ್ಟುಕೊಳ್ಳೋ ಹಾಗಿಲ್ಲ,” ಎಂದೆ. “ವತ್ಸಲಾ ಮ್ಯಾಡಮ್‌ಗೆ ಹೇಳಬೇಕು. ಅವರು ನಿನ್ನ ಆಯಿಯನ್ನ ಕರೆಸ್ತಾರೆ. ನೀನು ನಾಳೆ ಆ ಬಸ್ ಹತ್ತದ ಹಾಗೆ ನೋಡ್ಕೊಳ್ಳೋದು ದೊಡ್ಡವರ ಕೆಲಸ. ಇನ್ನು ಅದು ನಿನ್ನ ಕೆಲಸ ಅಲ್ಲ.”

“ಅಲ್ಲಿ ನಾನೇ ಹೇಳ್ಲಾ, ನೀವು ಹೇಳ್ತೀರಾ?”

“ನಿನಗೆ ಹೇಗೆ ಬೇಕೋ ಹಾಗೆ.”

“ನಾನೇ ಹೇಳ್ತೀನಿ. ನೀವು ಮೆಲ್ಲಗೆ ಮಾತಾಡ್ತೀರಿ, ಅವರಿಗೆ ಕೇಳಿಸಲ್ಲ.”

ನನಗೆ ನಗು ಬಂತು. ಅವಳಿಗೂ ಸ್ವಲ್ಪ.

ಮುಖ್ಯಾಧ್ಯಾಪಿಕೆಯ ಆಫೀಸಿಗೆ ಮೆಟ್ಟಿಲ ಪಕ್ಕದಿಂದಲೇ ದಾರಿ. ಕೋಣೆ ಹತ್ತಿರವಾದಂತೆ ಒಳಗಿನ ಮಾತು ಕೇಳಿಸುತ್ತಿತ್ತು. ನಾವು ಬಾಗಿಲ ಮುಂದೆ ಬಂದಾಗ ಅದು ನಿಂತಿತು. ಕುರ್ಚಿಯೊಂದು ಹಿಂದಕ್ಕೆ ಸರಿದ ಸದ್ದು. ಧನಶ್ರೀ ನನ್ನ ಮಣಿಕಟ್ಟು ಹಿಡಿದುಕೊಂಡಳು. ನಾನು ಆ ಕಡೆ ತಿರುಗಲಿಲ್ಲ. ಕಂದೀಲುಗಳ ಕೆಳಗೆ ಬಗ್ಗಿ ನಡೆಯುತ್ತ ಹೋದೆವು. ನಮ್ಮ ಹಿಂದೆ, ಗಾಳಿಯಿಲ್ಲದಿದ್ದರೂ, ಅವುಗಳ ಕಾಗದದ ಬಾಲಗಳು ಒಂದಾದ ಮೇಲೊಂದು ಸರಸರ ಎನ್ನುತ್ತಿದ್ದವು, ಯಾರೋ ಬಗ್ಗದೆ ಬರುತ್ತಿರುವ ಹಾಗೆ.

ವತ್ಸಲಾ ಮ್ಯಾಡಮ್ ಕಾಯುತ್ತ ಕೂತಿದ್ದರು. ನಮ್ಮನ್ನು ಕಂಡದ್ದೇ ಮೇಜಿನ ಮೇಲಿನ ಕಾಗದಗಳನ್ನೆಲ್ಲ ಬದಿಗೆ ಸರಿಸಿದರು. ಧನಶ್ರೀಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ನನ್ನ ಬೆನ್ನ ಹಿಂದೆ.

“ಬನ್ನಿ, ಮೂವರೂ ಒಳಗೆ ಬನ್ನಿ. ಬಾಗಿಲು ಹಾಕಿಕೊಳ್ಳಿ. ಹೆದರಬೇಡಿ ಮಕ್ಕಳೇ. ಯಾರು ಮೊದಲು ಮಾತಾಡ್ತೀರಿ?”

ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಧನಶ್ರೀ ಮಾತ್ರ ಹಿಂದೆ ತಿರುಗಿ, ತನಗಿಂತ ಸ್ವಲ್ಪ ಎತ್ತರದವರನ್ನು ನೋಡುವ ಹಾಗೆ ಕತ್ತೆತ್ತಿ ನೋಡಿದಳು.

“ನೀನು ಆಮೇಲೆ,” ಎಂದಳು. “ಇವತ್ತು ನನ್ನ ಸರದಿ.”

ಆಮೇಲೆ ಮೇಜಿನ ಎದುರಿನ ಕುರ್ಚಿ ಎಳೆದುಕೊಂಡು ಕೂತು, ಯಾರೂ ಕೇಳುವ ಮೊದಲೇ, ಹೇಳಲು ಶುರುಮಾಡಿದಳು.